ಕೆರೆ ಏರಿಯ ಮೇಲೆ ಹೊಡೆದ ಪೈಪು

1968ರ ಆರಂಭ. ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪವಾಗಿ ಕೆಲವು ವಾರಗಳಾಗಿದ್ದವಷ್ಟೆ. ಆಗ ನಾನು ಮೈಸೂರಿನ ಒಂದು ಇಂಜಿನಿಯರಿಂಗ್ ಕಚೇರಿಯಲ್ಲಿ ಮಣ್ಣು ಪರೀಕ್ಷೆಯ ಸಹಾಯಕ ಇಂಜಿನಿಯರ್. ಶ್ರೀರಾಂಪುರದ ಆಚೆ ಏಳಲಿದ್ದ ಹೊಸ ಬಡಾವಣೆಗೆ ನೀರಿನ ಓವರ್‌ಹೆಡ್ ಟ್ಯಾಂಕ್ ಕಟ್ಟುವ ಕೆಲಸ ನಮಗೆ ಬಂದಿತ್ತು. ಗೊತ್ತುಮಾಡಿದ ಜಾಗ ಹೂಳು ತುಂಬಿದ ಸಣ್ಣ ಕೆರೆಯ ಅಂಗಳ. ಅದರ ಸುತ್ತ ಮನೆ ಕಟ್ಟಲು ನಿವೇಶನಗಳನ್ನು ಆಗಲೇ ಹಂಚಿದ್ದರು.

ನನ್ನ ಮೇಲಧಿಕಾರಿ ರುದ್ರಪ್ಪನವರು. ನನಗೆ ಕೆಲಸ ಕಲಿಸಿದವರು. ಹಳ್ಳಿಯ ಒಕ್ಕಲು ಮನೆಯಿಂದ ಬಂದ, ಕಚೇರಿಯಲ್ಲಿ ಎಲ್ಲರೂ 'ಗೌಡ್ರು' ಎನ್ನುತ್ತಿದ್ದ ನನಗೆ ಯಾದವಗಿರಿಯ ಅವರ ಮನೆಯಲ್ಲಿ ಭಾನುವಾರದ ಊಟ ಖಾಯಂ ಆಗಿತ್ತು.

ಜಾಗದಲ್ಲಿ ಗುಂಡಿ ತೋಡಿಸಿ ನೋಡಿದೆ. ಹತ್ತಡಿಯ ಕೆಳಗೂ ಕಪ್ಪು ಜೇಡಿ. ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಭಾರ ಹೊರಲು ರಾಫ್ಟ್, ಅಂದರೆ ಇಡೀ ತಳಕ್ಕೆ ಹಾಸಿದ ಕಾಂಕ್ರೀಟ್ ಚಪ್ಪಡಿ, ಸಾಕಿತ್ತು. ನೆಲ ನಡುಗಿದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಬಂಡೆಯಲ್ಲಿ ಸಣ್ಣದಾಗಿ ಬಂದ ಕಂಪನ ಮೆತ್ತನೆಯ ಜೇಡಿಯಲ್ಲಿ ಏರುತ್ತ ದೊಡ್ಡದಾಗಿ, ನಿಧಾನವಾಗಿ ತೂಗತೊಡಗುತ್ತದೆ. ಎತ್ತರದ ಕಂಬಗಳ ಮೇಲೆ ನೀರು ಹೊತ್ತ ಟ್ಯಾಂಕು ತೂಗುವುದೂ ನಿಧಾನವಾಗಿಯೇ. ಎರಡರ ಲಯ ಕೂಡಿದರೆ ಕಂಬಗಳು ತಡೆಯುವುದಿಲ್ಲ. ಟ್ಯಾಂಕನ್ನು ಪಕ್ಕದ ದಿಣ್ಣೆಗೆ ಸರಿಸಬೇಕು, ಇಲ್ಲವೇ ಬಂಡೆಯವರೆಗೆ ಪೈಲ್, ಅಂದರೆ ಕಾಂಕ್ರೀಟಿನ ಉದ್ದ ಗೂಟಗಳನ್ನು, ಇಳಿಸಿ ಕಂಬಗಳನ್ನು ಬಲಪಡಿಸಬೇಕು ಎಂದೆ.

ರುದ್ರಪ್ಪನವರು ನಕ್ಕರು. "ಮೈಸೂರು ಬಂಡೆ ಮೇಲೆ ಕೂತಿದೆ ಕಣಯ್ಯ. ಭೂಕಂಪದ ನಕ್ಷೇಲಿ ನಮ್ದು ಭಯ ಇಲ್ಲದ ವಲಯ."

"ಕೊಯ್ನಾನೂ ಹಂಗೇ ಅಂದ್ಕೊಂಡಿದ್ರು ಸಾರ್."

ಅವರು ನಗು ನಿಲ್ಲಿಸಿ, "ಸರಿ, ಬೋರ್ ಹಾಕ್ಸಿ ನೋಡಣ. ಮೀಟಿಂಗ್‌ನಲ್ಲಿ ನಾನೇ ಮಾತಾಡ್ತೀನಿ. ಮೇಲ್ನೋರ ಎದುರು ಬಾಯಿ ಬಿಟ್ಟು ನೀನು ಕೆಟ್ಟೋನಾಗ್ಬೇಡ" ಎಂದರು. ನನ್ನನ್ನು ಕಾಪಾಡುತ್ತಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಮಂತ್ರಿಯೊಬ್ಬರು ಬಂದು ಕೆರೆ ಅಂಗಳದಲ್ಲೇ ಗುದ್ದಲಿ ಪೂಜೆ ಮುಗಿಸಿದರು. ಜೇಡಿಯ ಮಾದರಿಗಳನ್ನು ಹಿಡಿದು ನಾನು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದೆ. ವಾಪಸಾದಾಗ ಬೋರ್ ಮುಗಿದಿತ್ತು. 140 ಪೌಂಡಿನ ಸುತ್ತಿಗೆಯನ್ನು ಮೂವತ್ತು ಅಂಗುಲದಿಂದ ಬೀಳಿಸಿ, ಪೈಪು ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುವ ಪರೀಕ್ಷೆ ಅದು. ಆ ಜೇಡಿಗೆ ನಾಲ್ಕೈದು ಪೆಟ್ಟು ಸಾಕು. ವರದಿಯಲ್ಲಿ ಅದು ಮೂವತ್ತು ದಾಟಿತ್ತು.

ಸೈಟಿಗೆ ಹೋದೆ. ಪೈಪಿನ ತೂತು ಅಂಗಳದಲ್ಲಿರಲಿಲ್ಲ. ಕೆರೆ ಏರಿಯ ತುದಿಯಲ್ಲಿ, ಏರಿ ದಿಣ್ಣೆಗೆ ಕೂಡುವ ಕಡೆ ಇತ್ತು. ಮೇಲೆ ತಲೆಮಾರುಗಳ ಗಾಡಿಗಳು ತುಳಿದ ಮಣ್ಣು, ಕೆಳಗೆ ಗಟ್ಟಿ ಗರಸು.

ಬೋರ್ ಹಾಕಿದ ಮೇಸ್ತ್ರಿ ಚೆನ್ನಯ್ಯನನ್ನು ಕೇಳಿದೆ.

"ಪೂಜೆ ಮಾಡಿದ್ ಜಾಗಕ್ಕೆ ಪೈಪ್ ಹೊಡ್ಯಕಾಯ್ತದಾ ಸ್ವಾಮಿ? ನಮ್ಮುಡುಗ್ರು ಒಬ್ರೂ ಒಪ್ಲಿಲ್ಲ. ನಾಲ್ಕು ಮಾರು ಪಕ್ಕಕ್ಕೆ ಸರುಸ್ತೀನಿ ಅಂದೆ. ದೊಡ್ಡ ಸಾಹೇಬ್ರೇ ಬಂದು, 'ಒಳ್ಳೇದೇ ಆಯ್ತು ಬುಡು, ಏರಿ ಮೇಲೇ ಹೊಡಿ' ಅಂದ್ರು."

ಏರಿಯ ಮಣ್ಣನ್ನೂ ಅಂಗಳದ ಮಣ್ಣನ್ನೂ ಕೈಯಲ್ಲಿ ಹಿಡಿದು ವ್ಯತ್ಯಾಸ ಹೇಳುವುದನ್ನು ನನಗೆ ಕಲಿಸಿದ್ದು ಅದೇ ದೊಡ್ಡ ಸಾಹೇಬರು. ನೇರವಾಗಿ ಅವರಲ್ಲಿಗೆ ಹೋದೆ. "ಗೊತ್ತು ಹೋಗಯ್ಯ. ಮೀಟಿಂಗ್‌ನಲ್ಲಿ ಎಲ್ಲಾ ಬಿಡಿಸಿ ಹೇಳ್ತೀನಿ" ಎಂದರು. ಆಗಲೂ ನಂಬಿದೆ.

ಮೀಟಿಂಗ್‌ನಲ್ಲಿ ಅವರು ಹೇಳಿದ್ದು ಇಷ್ಟು: "ನೆಲ ಗಟ್ಟಿಯಾಗಿದೆ. ನಮ್ಮ ಗೌಡ್ರೇ ಪರೀಕ್ಷೆ ಮಾಡ್ಸಿರೋದು."

ನಾನು ಎದ್ದು ನಿಂತೆ. "ಆ ಪೈಪು ಹೊಡ್ದಿದ್ದು ಏರಿ ಮೇಲೆ. ಟ್ಯಾಂಕ್ ಏಳೋದು ಅಂಗಳದಲ್ಲಿ. ಅಲ್ಲಿ ಬರೀ ಜೇಡಿ."

ರುದ್ರಪ್ಪನವರು ನನ್ನ ಕಡೆ ನೋಡಲಿಲ್ಲ. ಉಳಿದವರತ್ತ ತಿರುಗಿ, "ಕೊಯ್ನಾ ಸುದ್ದಿ ಓದಿ ಓದಿ ನಮ್ ಗೌಡ್ರು ಈಗ ಮಂಚದ ಕೆಳಗೆ ಮಲಗ್ತಿದಾರೆ ಕಣ್ರೀ" ಎಂದರು. ಕೋಣೆಯೆಲ್ಲ ನಕ್ಕಿತು. ಪೂಜೆಯಾದ ಜಾಗದಲ್ಲೇ, ಪೈಲ್ ಇಲ್ಲದೆ, ಟ್ಯಾಂಕಿಗೆ ಒಪ್ಪಿಗೆ ಸಿಕ್ಕಿತು. ಆ ವರದಿಗೆ ನಾನು ಸಹಿ ಹಾಕಲಿಲ್ಲ, ಇನ್ನೊಬ್ಬರು ಹಾಕಿದರು. ಆ ಭಾನುವಾರ ಊಟಕ್ಕೆ ಹೋಗಲಿಲ್ಲ. ಯಾಕೆ ಬರಲಿಲ್ಲವೆಂದು ಆ ಮನೆಯಿಂದ ಯಾರೂ ಕೇಳಲಿಲ್ಲ.

ಇಬ್ಬರೂ ನಿವೃತ್ತರಾದ ಮೇಲೆ ರುದ್ರಪ್ಪನವರು ಒಂದು ಮದುವೆಯಲ್ಲಿ ಸಿಕ್ಕರು. "ನಿಂತಿದೆಯಲ್ಲಯ್ಯ ಟ್ಯಾಂಕು!" ಎಂದು ಹೆಗಲು ತಟ್ಟಿದರು.

"ನಿಂತಿದೆ ಸಾರ್. ನೆಲ ಇನ್ನೂ ಅಲ್ಲಾಡಿಲ್ಲ."

ಅವರ ಕೈ ಹೆಗಲಿನಿಂದ ಇಳಿಯಿತು.

ಟ್ಯಾಂಕಿನ ಸುತ್ತ ಈಗ ಮನೆಗಳು ತುಂಬಿವೆ. ನನ್ನ ಲೆಕ್ಕ ಸುಳ್ಳಾಗಲಿ ಎಂದೇ ನನ್ನ ಆಸೆ. ಆದರೆ ನಡುಗದ ನೆಲದ ಮೇಲೆ ನಿಂತಿರುವುದನ್ನು ಪರೀಕ್ಷೆ ಎಂದು ನಾನು ಒಪ್ಪಿಲ್ಲ. ಆಮೇಲಿನ ನೌಕರಿಯಲ್ಲಿ, ಹೇಳುವವರು ಯಾರೇ ಆಗಿರಲಿ, ಪೈಪು ಎಲ್ಲಿ ಇಳಿಯುತ್ತಿದೆ ಎಂಬುದನ್ನು ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ.