ಶಿ ಅಂದಾಗ ಕೈ, ವಾ ಅಂದಾಗ ಕಾಲು

ಇಟ್ಟಮಡುವಿನ ಶೆಡ್ಡಿನಲ್ಲಿ ಅಪ್ಪ ಪವರ್ ಪ್ರೆಸ್ ಓಡಿಸುತ್ತಿದ್ದರು. ತಗಡಿನಿಂದ ವಾಷರ್ ಕತ್ತರಿಸುವ ಕೆಲಸ. ತಗಡನ್ನು ಅಚ್ಚಿನ ಮೇಲೆ ಇಡುವಾಗ ‘ಶಿ’ ಅನ್ನುವರು, ಕೈ ಹೊರಗೆ ಬಂದ ಮೇಲೆ ‘ವಾ’ ಅಂತ ಪೆಡಲ್ ತುಳಿಯುವರು. ಧಡ್! ಬೆಳಗಿನಿಂದ ಸಂಜೆಯವರೆಗೆ ಶಿ, ವಾ, ಧಡ್. ಹಣೆ ತುಂಬಾ ವಿಭೂತಿ ಇಡುವ ಮನುಷ್ಯ, ಭಕ್ತಿಯಿಂದ ಹೇಳುತ್ತಾರೆ ಅಂತಲೇ ನಾನು ತಿಳಿದಿದ್ದೆ. ಅವರ ಎಡಗೈಯ ಎರಡು ಬೆರಳು ನಾನು ಹುಟ್ಟುವ ಮೊದಲೇ ಹೋಗಿದ್ದವು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನನಗೂ ಕುಮಾರಸ್ವಾಮಿ ಲೇಔಟಿನ ಗೆಳೆಯನಿಗೂ ಇಂಡಸ್ಟ್ರಿಯಲ್ ರಾಕ್ ಹುಚ್ಚು ಹಿಡಿದಿತ್ತು. ಯಂತ್ರದ ಸದ್ದನ್ನೇ ತಾಳ ಮಾಡಿಕೊಂಡು, ಅದರ ಮೇಲೆ ಗಿಟಾರು ಕಿರುಚಿಸುವ ಸಂಗೀತ. ಅವನ ರೂಮಿನ ಕಂಪ್ಯೂಟರಿನಲ್ಲೇ ಒಂದು ಆಲ್ಬಮ್ ಮಾಡಲು ಹೊರಟೆವು. ಬೇರೆಯವರಾದರೆ ಯಂತ್ರ ಹುಡುಕಬೇಕು, ನನಗೇನು ಕಷ್ಟ? ಅಪ್ಪನಿಗೆ ಊಟದ ಡಬ್ಬಿ ಕೊಡುವ ನೆಪದಲ್ಲಿ ಚೀಲದೊಳಗೆ ರೆಕಾರ್ಡರ್ ಇಟ್ಟುಕೊಂಡು ಹೋದೆ. ಕೇಳಿದರೆ ಬೇಡ ಅಂದಾರು ಅಂತ ಕೇಳಲೇ ಇಲ್ಲ. ಕಳ್ಳ ಬುದ್ಧಿ. ಅಪ್ಪನ ದನಿಯೂ ಪ್ರೆಸ್ಸಿನ ಏಟೂ ಚೆನ್ನಾಗಿ ಸಿಕ್ಕಿದವು.

“ಸಖತ್ತಾಗಿದೆ ಮಗಾ! ಆದ್ರೆ ಏಟು ತಡ ಆಗಿ ಬೀಳ್ತಿದೆ,” ಅಂದ ಗೆಳೆಯ. “‘ಶಿ’ ಮೇಲೇ ಬಿದ್ರೆ ಬಿಗಿ ಬರತ್ತೆ.”

“ಮಾಡು ಗುರು,” ಅಂದೆ. ಅವನು ಏಟನ್ನು ಕತ್ತರಿಸಿ ಮುಂದಕ್ಕೆ ತಂದು ಕೂರಿಸಿದ. ನಿಜಕ್ಕೂ ಬಿಗಿ ಬಂತು. ಒಂದೊಂದೇ ಸೀಡಿ ಬರೆದು, ಕವರು ಜೆರಾಕ್ಸ್ ಮಾಡಿಸಿ, ಜಯನಗರದ ಒಂದು ಪುಟ್ಟ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಬಿಡುಗಡೆ ಅಂತ ಗೊತ್ತು ಮಾಡಿದೆವು.

ವಿಷಯ ಅಮ್ಮನ ಬಾಯಿಂದ ಅಪ್ಪನ ಕಿವಿಗೆ ಬಿತ್ತು. ಇನ್ನೂ ನಾಲ್ಕು ದಿನ ಇರುವಾಗಲೇ ಅವರು ಮದುವೆ ಮನೆಗೆ ಹೋಗುವವರ ಹಾಗೆ ಬಿಳಿ ಶರ್ಟು ಇಸ್ತ್ರಿ ಮಾಡಿಸಿಟ್ಟುಕೊಂಡರು.

“ನೀವು ಬರ್ಬೇಡೀಪ್ಪಾ, ಸಿಕ್ಕಾಪಟ್ಟೆ ಗಲಾಟೆ ಇರತ್ತೆ.”

“ಇಷ್ಟು ವರ್ಷ ಪ್ರೆಸ್ ಪಕ್ಕ ನಿಂತಿದೀನಿ. ನಂಗೆ ಗಲಾಟೆ ಪಾಠ ಹೇಳ್ತೀಯೇನೋ?”

ಆವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ದೇವರ ಹೆಸರನ್ನು ಈ ಅರಚಾಟಕ್ಕೆ ಹಾಕಿದೆಯಲ್ಲೋ ಪಾಪಿ ಅಂತ ಎಲ್ಲರೆದುರು ಬೈದು, ಎದ್ದು ಹೋದರೆ? ಆಮೇಲೆ ನನ್ನ ಹತ್ತಿರ ಮಾತು ಬಿಟ್ಟರೆ? ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಪ್ಪ ಸುಮ್ಮನೆ ಕೆಮ್ಮಿದರೂ ಬೆಚ್ಚುತ್ತಿದ್ದೆ. ಹೇಳಿಬಿಡೋಣ ಅಂತ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ “ಅಪ್ಪಾ, ಕಾಫಿ ಆಯ್ತಾ?” ಅಂತ ಕೇಳಿದೆ.

ಭಾನುವಾರ ಅಪ್ಪ ಹಾಲ್‌ನ ಮುಂದಿನ ಸಾಲಿನಲ್ಲೇ ಕೂತರು. ಸೀಡಿಯ ಮೊದಲೆರಡು ಹಾಡಿಗೆ ಪಾಪ, ತಲೆ ಕೂಡ ಆಡಿಸಿದರು. ಮೂರನೆಯದು ಶುರುವಾಯಿತು. ದೊಡ್ಡ ಸ್ಪೀಕರಿನಿಂದ ಅವರದೇ ದನಿ: ಶಿ! ಅದರ ಮೇಲೇ ಧಡ್.

ತೊಡೆಯ ಮೇಲಿದ್ದ ಅವರ ಎಡಗೈ ತಟ್ಟನೆ ಹಿಂದಕ್ಕೆ ಹಾರಿತು. ಮತ್ತೆ ಶಿ, ಧಡ್. ಮತ್ತೆ ಕೈ ಹಾರಿತು. ಹಿಂದಿನ ಹುಡುಗರು ಕುಣಿಯುತ್ತಿದ್ದರು. ಅಪ್ಪ ಎಡಗೈಯನ್ನು ಕಂಕುಳಲ್ಲಿ ಅವುಚಿಕೊಂಡು, ಕಣ್ಣು ಮುಚ್ಚಿ ಕೂತರು. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಓಡಿ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

“ತಪ್ಪಾಯ್ತಪ್ಪಾ. ದೇವ್ರ ಹೆಸ್ರು ಹಾಕ್ಬಾರ್ದಿತ್ತು.”

“ದೇವ್ರದಲ್ಲ ಕಣೋ.” ಆ ಗದ್ದಲದಲ್ಲಿ ಅವರ ತುಟಿಗೆ ಕಿವಿ ಹಚ್ಚಿ ಕೇಳಬೇಕಾಯಿತು. “‘ಶಿ’ ಅಂದ್ರೆ ಕೈ ಇನ್ನೂ ಒಳಗಿದೆ ಅಂತ. ಬೆರಳು ಹೋದ ದಿನಾನೂ ಹೀಗೇ ಬಿತ್ತು. ಆಮೇಲೇನೇ ನಾನು ಹೇಳೋಕೆ ಶುರು ಮಾಡಿದ್ದು.”

ಅಯ್ಯೋ, ಅಪ್ಪನ ಕೈಯನ್ನು ನಾವೇ ಒಳಗಿಟ್ಟು, ನಾವೇ ಪೆಡಲ್ ತುಳಿಯುತ್ತಿದ್ದೆವು. ಎದ್ದು ಓಡಿ ಸ್ಪೀಕರಿನ ಪ್ಲಗ್ ಕಿತ್ತೆ. ಅದೂ ಹಾಡಿನದೇ ಭಾಗ ಅಂದುಕೊಂಡು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಮುಂದಿನ ಸಾಲು ನೋಡಿದೆ. ಅಪ್ಪ ಕೈಯನ್ನು ಕಂಕುಳಿನಿಂದ ಇನ್ನೂ ಹೊರಗೆ ತೆಗೆದಿರಲಿಲ್ಲ.