ಅಕ್ಕ ಕೊಟ್ಟ ಹತ್ತು ನಿಮಿಷ

ಕಲ್ಲು ಸಿಕ್ಕಿದರೆ ಅದರ ಒಂದು ಮೂಲೆಯನ್ನು ನಾಲಿಗೆಯ ತುದಿಯಿಂದ ಒದ್ದೆ ಮಾಡಿ, ಕನ್ನಡಕ ಹಣೆಗೇರಿಸಿ, ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿದು ನೋಡುವವರು ಅವರು. ಒದ್ದೆಯಾಗದೆ ಕಲ್ಲು ತನ್ನ ನಿಜಬಣ್ಣ ಬಿಟ್ಟುಕೊಡುವುದಿಲ್ಲವಂತೆ. ಡಚ್ಚರ ನಾಡಿನ ಹೂಫ್‌ಡಾರ್ಪ್ ಎಂಬ ಊರಿನಲ್ಲಿ ನಮ್ಮ ಎದುರುಮನೆಯವರು. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಬಾದಾಮಿ ಕಡೆಯವರು, ಒಬ್ಬರೇ ಇದ್ದರು. ದಿನಾ ನ್ಯೂವೆಗೈನ್‌ಗೆ ಹೋಗಿ, ನೀರು ತಡೆಯುವ ಏರಿಗಳ ಮಣ್ಣು ಪರೀಕ್ಷಿಸುವ ಕೆಲಸ. ಕಟ್ಟಡದ ಮುಂದೆ ಹಾಸಿದ ಜಲ್ಲಿಯನ್ನೂ ಬಿಡದೆ ಹೆಕ್ಕಿ ನೆಕ್ಕುವುದನ್ನು ಕಂಡು ನಕ್ಕರೆ, “ಈ ದೇಶದಾಗ ಕಲ್ಲೂ ನಮ್ಮಂಗ ಪರ್ಮಿಟ್ ಮ್ಯಾಲೆ ಬಂದಾವ ತಂಗಿ, ಯಾವೂರು ಅಂತ ಕೇಳಬ್ಯಾಡೇನು?” ಅನ್ನುತ್ತಿದ್ದರು.

ಪ್ರತಿ ಬೇಸಿಗೆಯಲ್ಲೂ ಅಮೆರಿಕದ ಪಶ್ಚಿಮಕ್ಕೆ ಹೋಗಿ ಬರುವರು. ಕಲ್ಲಿನ ಕಮಾನು, ಕಲ್ಲಾಗಿಹೋದ ಕಾಡು, ಕುದಿಯುವ ಕೆಸರಿನ ಹೊಂಡ, ಹೀಗೆ ಅವರ ಮಾತು ಕೇಳಿ ಕೇಳಿ ನಮ್ಮ ಮನೆಯ ಕಿಟಕಿಯಾಚೆಯ ಚಪ್ಪಟೆ ನೆಲದಲ್ಲಿ ಗುಡ್ಡಗಳು ಎದ್ದಂತಾಗುತ್ತಿತ್ತು. ಎಂಟು ವರ್ಷದ ಹಿಂದೆ ನಾವೂ ಜೊತೆಗೆ ಹೊರಟೆವು: ನಾನು, ನನ್ನ ಗಂಡ, ಒಂಬತ್ತರ ಮಗಳು.

ಯೂಟಾದ ಮರುಭೂಮಿಯಲ್ಲಿ ನಾವು ನೋಡಬೇಕಿದ್ದುದು ನೀರು ಕೊರೆದ ಒಂದು ಸಂದು. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಕಿರಿದು. ಎತ್ತರ ಮಾತ್ರ ಐದಾರು ಮಹಡಿ. ಸಂದಿನ ಬಾಯಲ್ಲಿ ನಿಂತ ಅಕ್ಕ ಒಳಗೆ ನೋಡಲೇ ಇಲ್ಲ. ತುಂಬ ದೂರ, ದಿಗಂತದಲ್ಲಿ, ಉಗುರಿನಷ್ಟು ಕಪ್ಪು ಮೋಡವಿತ್ತು. ಅದನ್ನೇ ನೋಡಿದರು.

“ಇವತ್ತು ಬ್ಯಾಡ.”

ನನ್ನ ಗಂಡ ಫೋನು ಚಾಚಿದ. “ಅಕ್ಕ, ಫೋರ್‌ಕಾಸ್ಟ್ ಫುಲ್ ಕ್ಲಿಯರ್ ಇದೆ, ನೋಡಿ.”

“ನಿನ್ನ ಫೋನು ಇಲ್ಲೀದು ತೋರಸ್ತೈತಿ. ನೀರು ಅಲ್ಲಿಂದ ಬರ್ತೈತಿ.”

ಸಮುದ್ರಕ್ಕಿಂತ ಕೆಳಗೆ ಹಾಸಿಗೆ ಹಾಕಿ ಮಲಗುವ ಜನ ನಾವು, ಈ ಮರಳಿನಲ್ಲಿ ಯಾವ ನೀರಿಗೆ ಹೆದರಬೇಕು ಎಂದು ಅವನು ನಕ್ಕ. ಅಕ್ಕ ನಗಲಿಲ್ಲ. ಅವನು ಭುಜ ಕುಣಿಸಿ ಕಾರಿನತ್ತ ನಡೆದ. ಮಗಳ ತುಟಿ ನಡುಗುತ್ತಿತ್ತು. ಆಗ ನಾನು ಅಕ್ಕನ ಹತ್ತಿರ ಹೋಗಿ ಮೆಲ್ಲಗೆ ಬೇಡಿದೆ: ಇಷ್ಟು ದೂರ ಬಂದಿದ್ದೇವೆ, ಮಗು ತಿಂಗಳಿಂದ ಇದನ್ನೇ ಕನವರಿಸುತ್ತಿದೆ, ಹತ್ತೇ ಹತ್ತು ನಿಮಿಷ. ಅವರು “ಹತ್ತ ನಿಮಿಷ” ಅಂದು ಗಂಡನನ್ನು ಕೂಗಿ ಕರೆದರು. ತನ್ನ ಮಾತೇ ಗೆದ್ದಿತೆಂದು ಅವನು ಹಿಗ್ಗಿದ. ನಾನು ಸುಮ್ಮನಿದ್ದೆ.

ಒಳಗೆ ಅಕ್ಕನದೇ ಕಾಯಿದೆ. ಗೋಡೆಯಲ್ಲಿ ಹತ್ತಿ ನಿಲ್ಲಬಹುದಾದ ಕಟ್ಟೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಮಗಳೂ ನಾನೂ ಒಮ್ಮೆ ಹತ್ತಿ ಇಳಿದು ತೋರಿಸಬೇಕು. ಹಾಗೆ ಮಾಡದೆ ಮುಂದಿನ ಹೆಜ್ಜೆಯಿಲ್ಲ. ನನ್ನ ಗಂಡನಿಗೆ ಇದು ಬೇಸರವಾಗಿ, ಎರಡನೆಯ ಕಟ್ಟೆಯಲ್ಲಿ ನಾವು ಒದ್ದಾಡುತ್ತಿರುವಾಗ ಕ್ಯಾಮರಾ ಹಿಡಿದು ತಿರುವಿನಾಚೆ ಹೋದ.

ಮೂರನೆಯ ಕಟ್ಟೆಯ ಬಳಿ ಒಳಗಿನಿಂದ ತಣ್ಣನೆಯ ಗಾಳಿ ಬಂತು. ಒದ್ದೆಮಣ್ಣಿನ ವಾಸನೆ. ಹಿಂದೆಯೇ ಒಂದು ಗುಡುಗುಡು ಸದ್ದು.

ಆ ಸದ್ದು ನನಗೂ ಕೇಳಿಸಿತ್ತು. ಷಿಪೋಲ್ ವಿಮಾನ ನಿಲ್ದಾಣದ ಪಕ್ಕ ವರ್ಷಗಟ್ಟಲೆ ಬಾಳಿದ ಕಿವಿ ನಮ್ಮದು. ಅಂಥ ಸದ್ದು ಬಂದರೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ನಮ್ಮ ಬೀದಿಯ ರೂಢಿ. ನಾನು ಮಾತು ನಿಲ್ಲಿಸಿ, ದಾಟಲಿ ಎಂದು ಕಾದೆ. ತಿರುವಿನಾಚೆ ನನ್ನ ಗಂಡನೂ ಕ್ಯಾಮರಾ ಕಣ್ಣಿಗಿಟ್ಟುಕೊಂಡು ಹಾಗೆಯೇ ಕಾಯುತ್ತಿದ್ದನಂತೆ.

“ಅದು ಮುಗಲಿಂದಲ್ಲ, ನೆಲದ್ದು. ಏರು.” ಅಕ್ಕನ ದನಿ ಏರಲಿಲ್ಲ. ಮಗಳನ್ನು ಸೊಂಟ ಹಿಡಿದು ಕಟ್ಟೆಗೆ ಎಸೆದರು. ನನ್ನ ಕಾಲಿಗೆ ಹೆಗಲು ಕೊಟ್ಟು ನೂಕಿದರು. ಆಮೇಲೆ ಸದ್ದು ಬರುತ್ತಿದ್ದ ಕಡೆಗೇ ಓಡಿದರು. ಐವತ್ತೆಂಟು ವಯಸ್ಸು, ಎಡಮೊಣಕಾಲು ಬಗ್ಗುತ್ತಿರಲಿಲ್ಲ. ಕಾಲೆಳೆದುಕೊಂಡು ಹೋಗುವುದನ್ನು ಓಟ ಅನ್ನುವುದಾದರೆ ಅದು ಓಟ.

ತಿರುವು ಖಾಲಿಯಾಗಿಯೇ ಇತ್ತು. ಪಪಾ ಎಲ್ಲಿ ಎಂದು ಮಗಳು ಡಚ್‌ನಲ್ಲಿ ಕೇಳಿದಳು; ಹೆದರಿದಾಗ ಅವಳಿಗೆ ಬರುವುದು ಅದೊಂದೇ ಭಾಷೆ. ನಾನು ಅವಳನ್ನು ಅವುಚಿಕೊಂಡು ಗೋಡೆಗೆ ಸರಿದೆ. ಬೆನ್ನ ಹಿಂದಿನ ಗೋಡೆ ಅದುರತೊಡಗಿತು. ಮೊದಲು ಬಂದದ್ದು ನೀರಲ್ಲ, ನೊರೆ ಮೆತ್ತಿದ ಕಡ್ಡಿಕಸದ ಒಂದು ನಾಲಿಗೆ, ಮರಳ ಮೇಲೆ ನಿಧಾನವಾಗಿ ಹರಿದು ಬಂತು. ಅದರ ಹಿಂದೆ ನನ್ನ ಗಂಡನನ್ನು ಚೀಲದ ಪಟ್ಟಿ ಹಿಡಿದು ಎಳೆದುಕೊಂಡು ಅಕ್ಕ. ಅವನನ್ನು ಮೊದಲು ಹತ್ತಿಸಿದರು. ಅವನು ಬಗ್ಗಿ ಅವರ ಎರಡೂ ಕೈ ಹಿಡಿದು ಜಗ್ಗುವಾಗ ಕಂದುನೀರು ತಿರುವಿನ ಗೋಡೆಗೆ ಬಡಿದು, ಬುಡಸಹಿತ ಒಂದು ಮರ ಹೊತ್ತು ನಮ್ಮ ಕೆಳಗೆ ಹಾಯಿತು. ಅಕ್ಕನ ಒಂದು ಬೂಟು ಅದರ ಜೊತೆ ಹೋಯಿತು.

ಸಂಜೆವರೆಗೂ ನಾಲ್ವರು ಆ ಕಟ್ಟೆಯ ಮೇಲೆ. ನೀರು ನಮ್ಮ ಪಾದದಿಂದ ಒಂದು ಗೇಣು ಕೆಳಗಿತ್ತು. ಅಕ್ಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಯ ಗೆರೆ ತೋರಿಸುತ್ತ, ಇದು ಒಂದು ಕಾಲಕ್ಕೆ ಗಾಳಿ ಗುಡ್ಡೆಹಾಕಿದ ಮರಳು, ನಮ್ಮ ಬಾದಾಮಿ ಕಲ್ಲಿನ ಮುಂದೆ ಇದು ಮೊಮ್ಮಗಳು, ಅಜ್ಜಿಯನ್ನು ನೋಡಲು ಬಾ ಎಂದು ಹೇಳುತ್ತಲೇ ಇದ್ದರು. ಮಗು ಅವರ ತೊಡೆಯಲ್ಲೇ ನಿದ್ದೆ ಹೋಯಿತು. ನನ್ನ ಗಂಡ ಕ್ಷಮೆ ಕೇಳಿದ, ತಾನು ಹಟ ಮಾಡಬಾರದಿತ್ತು ಎಂದ. ಅಕ್ಕ ನನ್ನ ಕಡೆ ನೋಡದೆ ಹೇಳಿದರು: “ಬ್ಯಾಡ ಅಂದಾಕಿ ನಾನ, ಹೂಂ ಅಂದಾಕೀನೂ ನಾನ. ತಪ್ಪು ನಂದು.”

ಆಮೇಲೆ ಅವರು ಯಾರನ್ನೂ ಜೊತೆಗೆ ಕರೆದೊಯ್ಯಲಿಲ್ಲ. ಮಗಳಿಗೆ ಕಲ್ಲು ತರುವುದು ಬಿಡಲಿಲ್ಲ, ನನ್ನ ಹತ್ತಿರ ಚಹಾ ಕುಡಿಯುವುದೂ ಬಿಡಲಿಲ್ಲ. ಆ ದಿನದ ಮಾತು ಮಾತ್ರ ಎತ್ತಲಿಲ್ಲ. ನನ್ನ ಗಂಡ ಎತ್ತುತ್ತಿದ್ದ. ಸ್ನೇಹಿತರ ಮುಂದೆ, ತನ್ನ ಕೊಬ್ಬಿನಿಂದ ನಾಲ್ಕು ಜೀವ ಹೋಗುತ್ತಿದ್ದವು ಅನ್ನುವನು. ನಾನು ಒಮ್ಮೆಯೂ ಆ ಮಾತನ್ನು ತಿದ್ದಲಿಲ್ಲ.

ಕಳೆದ ಚಳಿಗಾಲ ಅಕ್ಕ ಆಸ್ಪತ್ರೆ ಸೇರಿದರು, ಇನ್ನು ಮನೆಗಿಲ್ಲ ಎಂದು ಅವರಿಗೇ ಗೊತ್ತಿತ್ತು. ಒಂದು ಮಧ್ಯಾಹ್ನ ನಾನೊಬ್ಬಳೇ ಹೋಗಿದ್ದೆ. ಕೊನೆಗೂ ಹೇಳಿದೆ: ಆ ಹತ್ತು ನಿಮಿಷ ಕೇಳಿದವಳು ನಾನು, ನೀವು ಯಾರಿಗೂ ಹೇಳಲಿಲ್ಲ.

ಅಕ್ಕ ಕಣ್ಣು ಮುಚ್ಚಿಯೇ ಹೇಳಿದರು:

“ನಿನ್ನ ಗಂಡನ ಸಲುವಾಗಿ ಓಡಿದೆ ಅಂತ ತಿಳಿದೀಯೇನು? ಅಂವಂಗ ಅಷ್ಟ್ಯಾಕ ಓಡ್ಲಿ, ನನ್ನ ಮಾತು ಕೇಳದ ಮಬ್ಬ.” ಉಸಿರು ತೆಗೆದುಕೊಂಡರು. “ಅಂವ ಹೋಗಿದ್ರ ನೀ ಸಾಯೂತನಾ ಆ ಹತ್ತು ನಿಮಿಷ ಹೊತಗೊಂಡು ತಿರಗಾಕಿ. ಅದು ನನಗ ಕಾಣಿಸ್ತು. ಅದಕ್ಕ ಓಡಿದೆ, ತಂಗಿ.”

ಆ ವಾರ ದಾಟುವ ಮೊದಲೇ ಅವರು ಹೋದರು.

ಅವರನ್ನು ಕಳಿಸಿ ಬಂದ ದಿನವೂ ನನ್ನ ಗಂಡ, ತನ್ನ ಹಟದಿಂದಾಗಿ ಅಂದು ಆ ಜೀವ ಹೋಗುವುದಿತ್ತಲ್ಲ ಎಂದು ಅತ್ತ. ನಾನು ಅವನ ಬೆನ್ನು ಸವರಿದೆ, ಬಾಯಿ ಬಿಡಲಿಲ್ಲ. ನಾನು ಬರೆದದ್ದನ್ನೆಲ್ಲ ಮೊದಲು ಓದುವವನು ಯಾವಾಗಲೂ ಅವನೇ. ಇದನ್ನೂ ಓದುತ್ತಾನೆ.