ಎರಡೂ ಕಿವಿ ಕಾಣಬೇಕು

ನನ್ನ ಭಾವ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವವರು. ರಿಜಿಸ್ಟ್ರಾರ್ ಕಚೇರಿಯ ಎದುರು, ಮಹಡಿ ಮೆಟ್ಟಿಲ ಕೆಳಗೆ ಅವರ ಸ್ಟುಡಿಯೋ. ಒಳಗೆ ಒಂದು ಸ್ಟೂಲು, ಬಿಳಿ ಪರದೆ, ಗಿರಾಕಿಗಳಿಗೆಲ್ಲ ಸೇರಿ ಒಂದು ಬಾಚಣಿಗೆ ಮತ್ತು ಒಂದು ಕಪ್ಪು ಕೋಟು. ಊರಿನ ಅರ್ಧ ಜನ ಅದೇ ಕೋಟಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಇಪ್ಪತ್ತೆಂಟು ವರ್ಷಗಳಿಂದ ಭಾವ ಹೇಳುತ್ತಾ ಬಂದಿರುವುದು ಒಂದೇ ಮಾತು: "ಗಲ್ಲ ಸ್ವಲ್ಪ ಕೆಳಗೆ. ನಗಬೇಡಿ. ಎರಡೂ ಕಿವಿ ಕಾಣಬೇಕು." ಜನ ಅವರಿಗೆ ಕಿವಿ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಭಾವನಿಗೆ ಅದರಿಂದ ಬೇಜಾರಿಲ್ಲ. ಅವರು ತೆಗೆದ ಒಂದು ಫೋಟೋವೂ ಇವತ್ತಿನವರೆಗೆ ಯಾವ ಕಚೇರಿಯಿಂದಲೂ ವಾಪಸು ಬಂದಿಲ್ಲ. ನಾನು ಬರೆದು ಕಳಿಸುವ ಲೇಖನಗಳ ಬಗ್ಗೆ ಹೀಗೆ ಹೇಳುವಂತಿಲ್ಲ.

ಇಂಥವರ ಹೆಂಡತಿಗೆ, ಅಂದರೆ ನನ್ನ ಅಕ್ಕನಿಗೆ, ಗಂಡನ ಜೊತೆ ನಿಂತ ಫೋಟೋ ಒಂದೂ ಇಲ್ಲ. ಮದುವೆಗೆ ಬಂದ ಫೋಟೋಗ್ರಾಫರ್ ಕ್ಯಾಮೆರಾ ಹಿಡಿಯುವ ರೀತಿ ಭಾವನಿಗೆ ಸರಿಕಾಣಲಿಲ್ಲ. "ಇಲ್ಲಿ ಕೊಡಿ" ಎಂದು ಕಿತ್ತುಕೊಂಡು ತಾವೇ ತೆಗೆದರು. ಹಾಗಾಗಿ ಆಲ್ಬಮಿನ ತುಂಬ ಅಕ್ಕ ಒಬ್ಬಳೇ ಮದುವೆಯಾಗಿದ್ದಾಳೆ. ಟೈಮರ್ ಇಟ್ಟು ತೆಗೆದ ಒಂದರಲ್ಲಿ ಮಾತ್ರ ಎಡಗಡೆಯಿಂದ ಒಂದು ಮೊಣಕೈ ಓಡಿ ಬರುತ್ತಿದೆ.

ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಅಕ್ಕ ಪಟ್ಟು ಹಿಡಿದಳು. ಸಮುದ್ರ ತೀರದ ರೆಸಾರ್ಟು, ನಾಲ್ಕು ದಿನ, ಜೋಡಿಗಳಿಗೆ ಮಾತ್ರ. "ನಂಗೆ ಬೇರೇನೂ ಬೇಡ. ನಾವಿಬ್ರೂ ಇರೋ ಒಂದು ಫೋಟೋ ಬೇಕು," ಎಂದಳು. ಇಬ್ಬರೇ ಹೋದರೆ ನಾಲ್ಕು ದಿನ ಏನು ಮಾತಾಡೋದು ಎಂದು ಹೆದರಿದ ಭಾವ ನನ್ನನ್ನೂ ನನ್ನ ಹೆಂಡತಿಯನ್ನೂ ಜೊತೆಗೆ ಎಳೆದುಕೊಂಡರು.

ರೆಸಾರ್ಟಿನ ಬಾಗಿಲಲ್ಲಿ ವ್ಯಾನಿನಿಂದ ಇಳಿಯುತ್ತಲೇ ಕೈಗೊಂದು ತಂಪು ಪಾನೀಯ ಕೊಟ್ಟರು. ಅದರಲ್ಲಿ ಸಿಕ್ಕಿಸಿದ್ದ ಕಾಗದದ ಕೊಡೆ ನನ್ನ ಮೂಗಿಗೆ ಚುಚ್ಚಿತು. ನನ್ನ ಹೆಂಡತಿ ಎರಡು ಹೆಜ್ಜೆ ಸರಿದು, ಬೇರೆ ವ್ಯಾನಿನಲ್ಲಿ ಬಂದವಳ ಹಾಗೆ ನಿಂತಳು.

ಬಾಗಿದ ಒಂದು ತೆಂಗಿನ ಮರದ ಕೆಳಗೆ, ಬಂದ ಬಂದ ಜೋಡಿಗಳ ಫೋಟೋ ತೆಗೆದು ಅಲ್ಲೇ ಪ್ರಿಂಟ್ ಹಾಕಿ ಕೊಡುವ ಹುಡುಗಿ ಕಾಯುತ್ತಿದ್ದಳು. ಅಕ್ಕ ಈ ಗಳಿಗೆಗೆಂದೇ ಕೊಂಡ ಟೋಪಿ ಇಟ್ಟುಕೊಂಡಳು. ಮೊರದಷ್ಟು ಅಗಲ. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲೆ ಕೂತು ಬಂದಿತ್ತು.

"ಸರ್, ಮೇಡಂ ಸೊಂಟದ ಮೇಲೆ ಕೈ ಇಡಿ. ಒಬ್ರನ್ನೊಬ್ರು ನೋಡಿ."

"ಹಾಗೆ ನೋಡಿದ್ರೆ ಒಂದೊಂದೇ ಕಿವಿ ಬರುತ್ತಮ್ಮ," ಎಂದರು ಭಾವ.

"ಹಿಂದ್ಗಡೆ ಸಮುದ್ರ ಬರುತ್ತಲ್ಲ ಸರ್!"

"ಸಮುದ್ರ ಯಾಕೆ? ಹಿಂದೆ ಬೆಳ್ಳಗಿರ್ಬೇಕು." ಅಕ್ಕನ ಕಡೆ ತಿರುಗಿದರು. "ಆ ಟೋಪಿ ತೆಗಿ ನೀನು. ಕಿವಿ ಮುಚ್ಚಿದೆ."

"ತೆಗಿಯಲ್ಲ ರೀ. ಇಪ್ಪತ್ತೈದು ವರ್ಷ ನಿಮ್ಮ ಮಾತು ಕೇಳಿದ ಕಿವಿ. ಅದಕ್ಕೂ ನಾಕು ದಿನ ರಜ ಇರ್ಲಿ."

ಅಷ್ಟರಲ್ಲಿ ಇನ್ನೊಂದು ವ್ಯಾನು ಬಂತು. ಭಾವ "ಒಂದ್ನಿಮಿಷ ಕೊಡಮ್ಮ, ಹೇಗೆ ಅಂತ ತೋರಿಸ್ತೀನಿ" ಎಂದು ಹುಡುಗಿಯ ಕ್ಯಾಮೆರಾ ತೆಗೆದುಕೊಂಡರು. ಇಳಿದವರನ್ನೆಲ್ಲ ಶೌಚಾಲಯದ ಬಿಳಿ ಗೋಡೆಯ ಮುಂದೆ ಜೋಡಿ ಜೋಡಿಯಾಗಿ ಕರೆದು ನಿಲ್ಲಿಸಿದರು. ಹೊಸದಾಗಿ ಮದುವೆಯಾದವನೊಬ್ಬ ಹೆಂಡತಿಯ ಹೆಗಲ ಮೇಲೆ ಕೈ ಹಾಕಿದ್ದ. "ಕೈ ಕೆಳಗೆ," ಎಂದರು. ಅವನು ಇಳಿಸಿದ. ಏಳು ಜೋಡಿ, ಇಪ್ಪತ್ತೆಂಟು ಕಿವಿ.

ಪ್ರಿಂಟುಗಳನ್ನು ನೋಡಿದ ಹುಡುಗಿ ಕಂಗಾಲಾದಳು. "ಸರ್, ಎಲ್ರೂ ಜಗಳ ಆಡ್ಕೊಂಡು ಬಂದಿರೋ ಹಾಗಿದಾರೆ."

"ಇರ್ಲಿ. ಎಲ್ಲಿ ಕೊಟ್ರೂ ರಿಜೆಕ್ಟ್ ಆಗಲ್ಲ."

ಅಕ್ಕ ಇಷ್ಟು ಹೊತ್ತೂ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಕೊನೆಯ ಜೋಡಿ ಹೋದ ಮೇಲೆ ಎದ್ದು ಹೋಗಿ ತೆಂಗಿನ ಮರದ ಕೆಳಗೆ ನಿಂತಳು.

"ರೀ, ನಂದೂ ಒಂದು ತೆಗೀರಿ. ಒಬ್ಳದೇ ಸಾಕು. ಅಭ್ಯಾಸ ಇದೆ."

ದನಿಯಲ್ಲಿ ಕೋಪವೇನೂ ಇರಲಿಲ್ಲ. ಅದಕ್ಕೇ ನಾನು ಖಾಲಿ ಲೋಟದೊಳಗೆ ಏನೋ ಹುಡುಕತೊಡಗಿದೆ. ಭಾವ ಕ್ಯಾಮೆರಾ ಎತ್ತಿದರು. ಬಹಳ ಹೊತ್ತು ಕಣ್ಣಿಗಿಟ್ಟುಕೊಂಡೇ ನಿಂತರು. ಗಲ್ಲ ಕೆಳಗೆ ಎನ್ನಲಿಲ್ಲ. ಕಿವಿಯ ಸುದ್ದಿ ಎತ್ತಲಿಲ್ಲ. ಆಮೇಲೆ ಕ್ಯಾಮೆರಾ ಇಳಿಸಿ ಹುಡುಗಿಯ ಕೈಗೆ ಕೊಟ್ಟರು. ಭಾವ ತಾವಾಗಿ ಕ್ಯಾಮೆರಾವನ್ನು ಇನ್ನೊಬ್ಬರಿಗೆ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೋಗಿ ಅಕ್ಕನ ಪಕ್ಕ ನಿಂತರು. ನೆಟ್ಟಗೆ, ಕೈ ಕೆಳಗೆ, ವೀಸಾಕ್ಕೆ ಅರ್ಜಿ ಹಾಕಿದವರ ಹಾಗೆ.

"ಸರ್, ಮೇಡಂ ಕಡೆ ತಿರುಗಿ."

ಕತ್ತು ತಿರುಗಲಿಲ್ಲ. ಆದರೆ ಕಣ್ಣಂಚಿನಲ್ಲಿ ಆ ಟೋಪಿ ಕಾಣುತ್ತಿತ್ತು. ಒಂದು ನಿಮಿಷ ತಡೆದುಕೊಂಡರು, ಪಾಪ. ಆಮೇಲೆ ಪೂರ್ತಿ ಅವಳ ಕಡೆ ತಿರುಗಿಯೇಬಿಟ್ಟರು. ಕೈ ತಾನಾಗಿ ಎದ್ದು ಟೋಪಿಯ ಅಂಚು ಎತ್ತಿತು, ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿತು. ಇದೇನು ಮಾಡ್ತಿದಾರೆ ಇವರು ಎಂದು ಅಕ್ಕ ತಿರುಗಿ ನೋಡಿ ನಕ್ಕುಬಿಟ್ಟಳು. ಹುಡುಗಿ ಬಟನ್ ಒತ್ತಿದಳು.

ಬಿಸಿಬಿಸಿ ಪ್ರಿಂಟನ್ನು ಭಾವ ಬೆಳಕಿಗೆ ಹಿಡಿದರು. "ಇದು ನಡೆಯಲ್ಲ. ಇವಳು ಹಲ್ಲು ಬಿಟ್ಟಿದಾಳೆ. ನನ್ನ ಮುಖ ಅರ್ಧ ಇಲ್ಲ." ಇನ್ನೂ ಹತ್ತಿರ ಹಿಡಿದರು. "ಲೋ, ನನ್ನ ತಲೆ ಹಿಂದ್ಗಡೆ ಇಷ್ಟು ಬೋಳಾ?"

"ಹತ್ತು ವರ್ಷ ಆಯ್ತು ಭಾವ."

"ಯಾರೂ ಹೇಳ್ಲಿಲ್ಲ?"

"ನಾನು ಹೇಳಿದ್ದೆ," ಎಂದಳು ಅಕ್ಕ. "ನೀವು ನನ್ನ ಗಲ್ಲ ಕೆಳಗೆ ಮಾಡ್ಸಿದ್ರಿ."

ಸ್ವಲ್ಪ ತಿದ್ದಿ ಕೊಡ್ತೀನಿ ಕೊಡು ಎಂದು ಭಾವ ಆ ನಾಲ್ಕು ದಿನವೂ ಕೇಳಿದರು. ಅಕ್ಕ ಕೊಡಲಿಲ್ಲ.